ಸಿಡಿಲು ಬಡಿದ ಮರುದಿನ: ಮನೆ ಕಂಪ್ಯೂಟರಿನ ಬ್ಯಾಕಪ್ ಮತ್ತು ಅದನ್ನು ಮರಳಿ ತರುವ ದಾರಿ

ಮೇ ತಿಂಗಳ ಒಂದು ಸಂಜೆ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ, ಬರೀ ಗುಡುಗು ಮಿಂಚು. ಉಡುಪಿಯ ಕಿನ್ನಿಮುಲ್ಕಿಯಲ್ಲಿ ನಮ್ಮ ಪಕ್ಕದ ಮನೆಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರದ ಸುಳಿ ಹೊತ್ತಿಕೊಂಡದ್ದು ಕೇರಿಗೆಲ್ಲ ಕಂಡಿತು. ಮನೆಯೊಳಗೆ ಸುಟ್ಟದ್ದು ಏನೇನು ಎಂದು ತಿಳಿದದ್ದು ಮರುದಿನ ಬೆಳಿಗ್ಗೆ. ಆ ಮನೆಯ ಮಾಸ್ಟ್ರು ನಿವೃತ್ತ ಕನ್ನಡ ಅಧ್ಯಾಪಕರು. ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳಿ ಕೇಳಿ, ಅರ್ಥಧಾರಿಗಳ ಮಾತುಗಳನ್ನು ವರ್ಷಗಟ್ಟಲೆ ಟೈಪ್ ಮಾಡಿ ಇಟ್ಟವರು. ಗುಡುಗು ಕೇಳಿದ ಕೂಡಲೇ ಅವರು ಕಂಪ್ಯೂಟರ್ ಆಫ್ ಮಾಡಿದ್ದರು. ಆದರೆ ಪ್ಲಗ್ ಕಿತ್ತಿರಲಿಲ್ಲ, ರೌಟರಿನಿಂದ ಬರುವ ಲ್ಯಾನ್ ಕೇಬಲನ್ನೂ ತೆಗೆದಿರಲಿಲ್ಲ. ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್‌ಗೆಂದೇ ತಂದು ಸದಾ ಯುಎಸ್‌ಬಿಗೆ ಸಿಕ್ಕಿಸಿಟ್ಟಿದ್ದ ಎಕ್ಸ್‌ಟರ್ನಲ್ ಡಿಸ್ಕೂ ಅದರ ಜೊತೆಗೇ ಹೋಯಿತು.

“ಡಿ ಡ್ರೈವಿನಲ್ಲಿ ಇನ್ನೊಂದು ಕಾಪಿ ಉಂಟಲ್ಲ ಮಾರಾಯ?” ಎಂದು ಅವರು ಕೇಳಿದಾಗ ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ.

ಈ ಡಿ ಡ್ರೈವಿನ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಅಂಗಡಿಯವರು ಕಂಪ್ಯೂಟರ್ ಕೊಡುವಾಗಲೇ ಒಂದು ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡಿ ಕೊಡುತ್ತಾರೆ. ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೆ ಸಿ ಅಳಿಯುತ್ತದೆ, ಡಿ ಉಳಿಯುತ್ತದೆ. ಅಷ್ಟರ ಮಟ್ಟಿಗೆ ಅದು ಉಪಯೋಗದ್ದೇ. ಆದರೆ ಸಿ, ಡಿ ಎರಡೂ ಒಂದೇ ಕಪಾಟಿನ ಎರಡು ಖಾನೆಗಳು. ಕಪಾಟಿಗೇ ಬೆಂಕಿ ಬಿದ್ದರೆ ಯಾವ ಖಾನೆಯಲ್ಲಿಟ್ಟರೂ ಒಂದೇ.

ಬ್ಯಾಕಪ್ ಎಂದ ಕೂಡಲೇ ಯಾವ ಡಿಸ್ಕ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಜನ ಕೇಳುತ್ತಾರೆ. ನಾನು ಮರುದಿನದ ಬೆಳಿಗ್ಗೆಯಿಂದ ಹಿಂದಕ್ಕೆ ಯೋಚಿಸಿ ಎನ್ನುತ್ತೇನೆ. ಮೇಜಿನ ಮೇಲಿರುವುದೆಲ್ಲ ಸುಟ್ಟಿದೆ ಎಂದಿಟ್ಟುಕೊಳ್ಳಿ. ಕೈಗೆ ಏನು ಬೇಕು? ಅದು ಎಲ್ಲಿದೆ? ಎಷ್ಟು ಹೊತ್ತಿನಲ್ಲಿ ಮತ್ತೆ ತೆರೆಯಬಹುದು? ತೆರೆದು ನೋಡಿದ ಪ್ರತಿ ಮಾತ್ರ ಪ್ರತಿ. ನೋಡದೆ ಇಟ್ಟದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಂಪ್ಯೂಟರಿನಲ್ಲಿ ಕಾಪಾಡಬೇಕಾದ ವಸ್ತು ಎರಡು ಬಗೆ. ಒಂದು, ನಿಮ್ಮ ಫೈಲುಗಳು: ಫೋಟೊ, ಬರಹ, ಲೆಕ್ಕ, ಮಕ್ಕಳ ಅಂಕಪಟ್ಟಿಯ ಸ್ಕ್ಯಾನ್. ಇನ್ನೊಂದು, ಸಿಸ್ಟಂ: ವಿಂಡೋಸ್, ಅದರ ಮೇಲೆ ಹಾಕಿದ ಪ್ರೋಗ್ರಾಂಗಳು, ಪ್ರಿಂಟರಿನ ಡ್ರೈವರ್, ನಿಮ್ಮ ಸೆಟ್ಟಿಂಗ್‌ಗಳು. ಫೈಲು ಹೋದರೆ ಲೋಕದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಸಿಸ್ಟಂ ಹೋದರೆ ಒಂದೆರಡು ದಿನ ಕೂತು ಮತ್ತೆ ಕಟ್ಟಬಹುದು. ಹಾಗಾಗಿ ನಿಮ್ಮಲ್ಲಿ ಒಂದೇ ಸಂಜೆಯ ಪುರುಸೊತ್ತು ಇದ್ದರೆ ಫೈಲುಗಳನ್ನು ನೋಡಿಕೊಳ್ಳಿ. ಸಿಸ್ಟಂ ಮುಂದಿನ ಭಾನುವಾರಕ್ಕಿರಲಿ.

ಫೈಲುಗಳ ಬ್ಯಾಕಪ್ ಮಾಡುವಾಗ ಹೆಚ್ಚಿನವರು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಈ ಮೂರನ್ನು ತೆಗೆದುಕೊಳ್ಳುತ್ತಾರೆ. ವಿಂಡೋಸ್‌ನ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯ ಕೂಡ ಹೆಚ್ಚುಕಡಿಮೆ ಇವನ್ನೇ ನೋಡುತ್ತದೆ; ನೀವಾಗಿ ಸೇರಿಸದಿದ್ದರೆ ಬೇರೆ ಕಡೆಯ ಫೋಲ್ಡರುಗಳನ್ನು ಮುಟ್ಟುವುದಿಲ್ಲ. ತಪ್ಪಿಹೋಗುವುದು ಇಲ್ಲಿಯೇ. ಟ್ಯಾಲಿಯ ಲೆಕ್ಕದ ಫೋಲ್ಡರ್ ಸಾಮಾನ್ಯವಾಗಿ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇರುವುದಿಲ್ಲ, ಪಬ್ಲಿಕ್ ಎಂಬ ಫೋಲ್ಡರಿನೊಳಗೆ ಕೂತಿರುತ್ತದೆ. ಬ್ರೌಸರಿನ ಬುಕ್‌ಮಾರ್ಕುಗಳು ಆಪ್‌ಡೇಟಾ ಎಂಬ ಅಡಗಿಸಿದ ಫೋಲ್ಡರಿನಲ್ಲಿರುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ಉಂಟು, ಅದನ್ನು ಸ್ವಲ್ಪ ನಿಂತು ಹೇಳಬೇಕು. ಮಾಸ್ಟ್ರ ಮಗಳ ಮನೆ ಸುರತ್ಕಲ್‌ನಲ್ಲಿ. ಎರಡು ವರ್ಷ ಹಿಂದೆ ಅಳಿಯ ಒಂದು ಪೆನ್ ಡ್ರೈವಿಗೆ ಎಲ್ಲವನ್ನೂ ಕಾಪಿ ಮಾಡಿ ಒಯ್ದಿದ್ದರು. ಅದನ್ನು ತರಿಸಿದೆವು. ಹೊಸ ಕಂಪ್ಯೂಟರಿಗೆ ಹಾಕಿದೆವು. ಫೈಲುಗಳ ಹೆಸರುಗಳನ್ನು ಕಂಡು ಮಾಸ್ಟ್ರ ಮುಖ ಅರಳಿತು. ‘ಕರ್ಣಪರ್ವ’ ಎಂಬ ಫೈಲನ್ನು ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ವಿಚಿತ್ರ ಚಿಹ್ನೆಗಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಫೈಲು ಕೆಟ್ಟಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಪದ್ಧತಿ ಮನೆಮಾತಾಗುವ ಮೊದಲು ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ ಟೈಪ್ ಮಾಡುವಾಗ ಕಂಪ್ಯೂಟರಿನ ಒಳಗೆ ದಾಖಲಾಗುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತಿದ್ದದ್ದು ಫಾಂಟ್. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಕಲಸುಮೇಲೋಗರ. ಫಾಂಟುಗಳಿರುವುದು ವಿಂಡೋಸ್ ಫೋಲ್ಡರಿನ ಒಳಗೆ. ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿದರೆ ಅವು ಜೊತೆಗೆ ಬರುವುದಿಲ್ಲ. ಹಳೆಯ ನುಡಿಯ ಫಾಂಟುಗಳನ್ನು ಹುಡುಕಿ ಹಾಕಿದ ಮೇಲೆ ಕರ್ಣ ಮತ್ತೆ ಕನ್ನಡದಲ್ಲಿ ಮಾತಾಡಿದ. ನಿಮ್ಮ ಮನೆಯಲ್ಲಿ ಇಂಥ ಹಳೆಯ ಫೈಲುಗಳಿದ್ದರೆ ಆ ಫಾಂಟುಗಳನ್ನು ಫೈಲುಗಳ ಪಕ್ಕದಲ್ಲೇ ಒಂದು ಫೋಲ್ಡರಿನಲ್ಲಿ ಇಡಿ. ಸಾಧ್ಯವಾದರೆ ಯುನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಮಾಡಿ. ಪರಿವರ್ತಕಗಳು ಕೆಲವೊಮ್ಮೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪುತ್ತವೆ, ಆದ್ದರಿಂದ ಮೂಲವನ್ನು ಅಳಿಸಬೇಡಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೂಡ ಒಂದು ಇರಲಿ, ಓದುವುದಕ್ಕಾದರೂ ಆಗುತ್ತದೆ.

ಪೆನ್ ಡ್ರೈವಿನ ನಂತರದ ಎರಡು ವರ್ಷದ ಬರಹ ಸಿಗಲಿಲ್ಲ.

ಹಾಗಾದರೆ ಎಷ್ಟು ಪ್ರತಿ, ಎಲ್ಲೆಲ್ಲಿ? 3-2-1 ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು. ಫೈಲಿನ ಪ್ರತಿ ಮೂರು ಇರಬೇಕು. ಅವು ಎರಡು ಬೇರೆ ಬಗೆಯ ಮಾಧ್ಯಮಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗೆ ಇರಬೇಕು. ಮೂರರಲ್ಲಿ ನೀವು ದಿನವೂ ಬಳಸುವ ಫೈಲು ಒಂದಾಯಿತು. ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ. ಮೂರನೆಯದು ಬೇರೆ ಊರಿನಲ್ಲಿ, ಇಲ್ಲವೇ ಕ್ಲೌಡಿನಲ್ಲಿ, ಅಂದರೆ ಇಂಟರ್‌ನೆಟ್ಟಿನಲ್ಲಿ ಬೇರೆ ಕಂಪನಿ ಕೊಡುವ ಜಾಗದಲ್ಲಿ. ತಾಳೆಗರಿಗೆ ಹುಳ ಬೀಳುವ ಮೊದಲೇ ಇನ್ನೊಂದು ಗರಿಗೆ ಪ್ರತಿ ಎತ್ತಿಕೊಳ್ಳುತ್ತಿದ್ದ ಊರು ನಮ್ಮದು, ಇದು ನಮಗೆ ಹೊಸ ವಿಚಾರವೇನಲ್ಲ.

ಮೂರನೆಯ ಪ್ರತಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಉಂಟು. ಹೆಚ್ಚಿನ ಮನೆಗಳಲ್ಲಿ ಯಾರಾದರೊಬ್ಬರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ಚೌತಿಗೆ, ದೀಪಾವಳಿಗೆ ಊರಿಗೆ ಬರುತ್ತಾರೆ. ನಾನು ಎರಡು ಡಿಸ್ಕ್ ಇಟ್ಟುಕೊಂಡಿದ್ದೇನೆ. ಒಂದು ನಮ್ಮ ಮನೆಯ ಗೋದ್ರೇಜಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿ. ಅವನು ಬಂದಾಗ ಅದಲುಬದಲು. ಡಿಸ್ಕ್ ಬಸ್ಸಿನಲ್ಲಿ ಹೋಗುವಾಗ ಕಳೆದುಹೋದರೆ ಬೇರೆಯವರ ಕೈಗೆ ಸಿಗಬಾರದಲ್ಲ, ಅದಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಪಾಸ್‌ವರ್ಡ್ ಹಾಕಿದ್ದೇನೆ. ಆ ಪಾಸ್‌ವರ್ಡ್ ಮರೆತರೆ ಮಾತ್ರ ದೇವರೂ ತೆರೆಯಲಾರ.

ಕ್ಲೌಡ್ ಸಾಲದೇ ಎಂದು ಮಕ್ಕಳು ಕೇಳುತ್ತಾರೆ. ಗೂಗಲ್ ಖಾತೆಯಲ್ಲಿ 15 ಜಿಬಿ, ಒನ್‌ಡ್ರೈವಿನಲ್ಲಿ 5 ಜಿಬಿ ಉಚಿತ. ಮುಖ್ಯವಾದ ಕಾಗದಪತ್ರಗಳಿಗೆ ಧಾರಾಳ, ಮದುವೆಯ ವಿಡಿಯೊಗೆ ಸಾಲದು. ಜಾಗ ಕೊಂಡರೂ ಸಮಯದ ಲೆಕ್ಕ ಬೇರೆ. ನಿಮ್ಮ ಇಂಟರ್‌ನೆಟ್ಟಿನ ಅಪ್‌ಲೋಡ್ ವೇಗ 40 ಎಂಬಿಪಿಎಸ್ ಎಂದರೆ, ಎಂಟು ಬಿಟ್ಟಿಗೆ ಒಂದು ಬೈಟಿನಂತೆ, ಸೆಕೆಂಡಿಗೆ 5 ಎಂಬಿ. 400 ಜಿಬಿ ಏರಲು ಒಂದು ಕ್ಷಣವೂ ಕಡಿಯದೆ ನಡೆದರೂ 22 ಗಂಟೆ. ಯುಎಸ್‌ಬಿ 3 ಹಾರ್ಡ್ ಡಿಸ್ಕಿಗಾದರೆ ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಒಂದು ಗಂಟೆಯ ಮೇಲೆ ಸ್ವಲ್ಪ, ಸಣ್ಣ ಸಣ್ಣ ಫೈಲುಗಳು ಜಾಸ್ತಿ ಇದ್ದರೆ ಇನ್ನೂ ಹೆಚ್ಚು.

ಅದಕ್ಕಿಂತ ದೊಡ್ಡ ವಿಷಯವೆಂದರೆ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಒನ್‌ಡ್ರೈವ್, ಗೂಗಲ್ ಡ್ರೈವ್ ಇವೆಲ್ಲ ಕನ್ನಡಿಯ ಹಾಗೆ. ಇಲ್ಲಿ ಫೈಲು ಸೇರಿಸಿದರೆ ಅಲ್ಲಿಯೂ ಸೇರುತ್ತದೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿದದ್ದು ಸಾಮಾನ್ಯವಾಗಿ 30 ದಿನ ಕಸದಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಏಪ್ರಿಲ್ ರಜೆಯಲ್ಲಿ ಮಗು ಆಡುತ್ತಾ ಅಳಿಸಿದ ಫೋಲ್ಡರ್ ನಿಮಗೆ ನೆನಪಾಗುವುದು ಜುಲೈಯಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕುವಾಗ. ಆದ್ದರಿಂದ ಒಳ್ಳೆಯ ಬ್ಯಾಕಪ್ಪಿಗೆ ನೆನಪು ಇರಬೇಕು. ನಿನ್ನೆಯ ಪ್ರತಿ, ಕಳೆದ ವಾರದ್ದು, ಮೂರು ತಿಂಗಳ ಹಿಂದಿನದ್ದು ಹೀಗೆ ಹಿಂದಕ್ಕೆ ಹೋಗಲು ಬರಬೇಕು.

ಹಾಗಿದ್ದರೆ ದಿನವೂ 400 ಜಿಬಿ ತುಂಬಿಸಬೇಕೇ? ಬೇಡ. ಮೊದಲ ಸಲ ಎಲ್ಲವನ್ನೂ ಪೂರ್ತಿ ನಕಲು ಮಾಡಿ, ಮುಂದಿನ ಸಲ ಬದಲಾದ ಫೈಲುಗಳನ್ನು ಮಾತ್ರ ತೆಗೆದುಕೊಳ್ಳುವ ವಿಧಾನವನ್ನು ಇನ್‌ಕ್ರಿಮೆಂಟಲ್ ಎನ್ನುತ್ತಾರೆ. ಅಂಗಡಿಯ ಲೆಕ್ಕದ ಪುಸ್ತಕವನ್ನು ದಿನವೂ ಮೊದಲ ಪುಟದಿಂದ ಯಾರೂ ಬರೆಯುವುದಿಲ್ಲವಲ್ಲ, ಆ ದಿನದ ವ್ಯಾಪಾರ ಬರೆದರೆ ಆಯಿತು. ಫೈಲ್ ಹಿಸ್ಟರಿ ಡಿಸ್ಕ್ ಸಿಕ್ಕಿಸಿದ್ದಾಗ ಗಂಟೆಗೊಮ್ಮೆ ಹೀಗೆಯೇ ಬದಲಾದ ಫೈಲುಗಳ ಹೊಸ ಪ್ರತಿ ಎತ್ತಿಡುತ್ತದೆ, ಹಳೆಯದನ್ನೂ ಉಳಿಸುತ್ತದೆ. ಮ್ಯಾಕ್‌ನಲ್ಲಿ ಟೈಮ್ ಮೆಷಿನ್ ಈ ಕೆಲಸವನ್ನು ಇನ್ನೂ ಚೆಂದವಾಗಿ ಮಾಡುತ್ತದೆ. ಲಿನಕ್ಸ್‌ನಲ್ಲಿ ಟೈಮ್‌ಶಿಫ್ಟ್ ಉಂಟು, ಆದರೆ ಅದು ಸಿಸ್ಟಮ್ಮಿಗಾಗಿ ಇರುವುದು. ನೀವು ಹೇಳದಿದ್ದರೆ ನಿಮ್ಮ ಫೈಲುಗಳಿರುವ ಹೋಮ್ ಫೋಲ್ಡರನ್ನು ಬಿಟ್ಟುಬಿಡುತ್ತದೆ. ಲಿನಕ್ಸ್‌ಗೆ ಹೊಸದಾಗಿ ಬಂದವರು ಇದನ್ನು ತಿಳಿಯದೆ ನೆಮ್ಮದಿಯಿಂದ ಇರುತ್ತಾರೆ.

ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತಿಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಸಿಡಿಲು ಒಂದೇ ಕಾರಣವಲ್ಲ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಲೋಕದಾದ್ಯಂತ ಹರಡಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದು ಕಂಪ್ಯೂಟರಿನ ಫೈಲುಗಳ ಜೊತೆಗೆ ತಗುಲಿಸಿಟ್ಟ ಡಿಸ್ಕುಗಳ ಫೈಲುಗಳಿಗೂ ಬೀಗ ಹಾಕಿತು, ವಿಂಡೋಸ್ ಒಳಗೆ ಉಳಿಸಿಕೊಂಡಿದ್ದ ಹಿಂದಿನ ಪ್ರತಿಗಳನ್ನೂ ಅಳಿಸಿತು. ಕಪಾಟಿನಲ್ಲಿದ್ದ ಡಿಸ್ಕಿಗೆ ಇಂಥ ವೈರಸ್ ಕೈ ಚಾಚಲಾರದು.

ಇನ್ನು ಸಿಸ್ಟಂ. ಸಿ ಡ್ರೈವನ್ನು ಪೂರ್ತಿ ಆಯ್ಕೆ ಮಾಡಿ ಕಾಪಿ ಪೇಸ್ಟ್ ಮಾಡಿದರೆ ಸಿಸ್ಟಂ ಬ್ಯಾಕಪ್ ಆಗುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ಅನೇಕ ಫೈಲುಗಳು ಬಳಕೆಯಲ್ಲಿದ್ದು ಕಾಪಿಗೆ ಸಿಗುವುದಿಲ್ಲ. ಕಂಪ್ಯೂಟರ್ ಏಳುವುದಕ್ಕೆ ಬೇಕಾದ ಬೂಟ್ ಭಾಗ ಬೇರೆಯೇ ಒಂದು ಅಡಗಿದ ಪಾರ್ಟಿಷನ್ನಿನಲ್ಲಿರುತ್ತದೆ. ಎಲ್ಲ ಭಾಗಗಳನ್ನೂ ಒಂದು ಕ್ಷಣದಲ್ಲಿ ಇದ್ದ ಹಾಗೆಯೇ ಎತ್ತಿಡುವುದಕ್ಕೆ ಸಿಸ್ಟಂ ಇಮೇಜ್ ಬೇಕು. ಕಂಟ್ರೋಲ್ ಪ್ಯಾನೆಲಿನಲ್ಲಿ ‘ಬ್ಯಾಕಪ್ ಅಂಡ್ ರಿಸ್ಟೋರ್’ ಎಂಬುದರ ಮುಂದೆ ವಿಂಡೋಸ್ 7 ಎಂದು ಬರೆದಿರುತ್ತದೆ. ಹಳೆಯದೆಂದು ಬಿಡಬೇಡಿ, ವಿಂಡೋಸ್ 11ರಲ್ಲೂ ಅದು ಉಂಟು, ಇಮೇಜ್ ತೆಗೆಯುವ ದಾರಿ ಅದರೊಳಗಿದೆ. ಇಮೇಜ್ ಇಡುವ ಡಿಸ್ಕ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಪೆನ್ ಡ್ರೈವಿನಿಂದಲೇ ಏಳುವ ಕ್ಲೋನ್‌ಜಿಲ್ಲಾ ಇನ್ನೊಂದು ಉಚಿತ ದಾರಿ. ಅದರ ನೀಲಿ ಪರದೆ ನೋಡಿ ಹೆದರುವವರಿದ್ದಾರೆ. ಮೂಲ ಮತ್ತು ಗುರಿ ಡಿಸ್ಕುಗಳನ್ನು ಹಿಂದುಮುಂದು ಮಾಡಿದರೆ ಇದ್ದದ್ದೂ ಹೋಗುತ್ತದೆ, ಆದ್ದರಿಂದ ಮೊದಲ ಸಲ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸಿಸ್ಟಂ ರಿಸ್ಟೋರ್ ಎಂಬ ಹೆಸರು ಕೇಳಿ ಮೋಸ ಹೋಗಬಾರದು. ಕೆಟ್ಟ ಡ್ರೈವರ್, ಕೆಟ್ಟ ಅಪ್‌ಡೇಟ್ ಆದಾಗ ಹಿಂದಿನ ಸ್ಥಿತಿಗೆ ಮರಳಲು ಅದು ಒಳ್ಳೆಯದು. ಆದರೆ ನಿಮ್ಮ ಫೋಟೊಗಳನ್ನು ಅದು ಉಳಿಸುವುದೂ ಇಲ್ಲ, ಮರಳಿಸುವುದೂ ಇಲ್ಲ, ಮತ್ತು ಅದು ಇರುವುದು ಅದೇ ಡಿಸ್ಕಿನ ಮೇಲೆ.

ಇಮೇಜ್ ಇದ್ದರೆ ಸಾಲದು, ಕಂಪ್ಯೂಟರ್ ಏಳದೇ ಇದ್ದಾಗ ಅದನ್ನು ಓದಲು ಇನ್ನೊಂದು ಬಾಗಿಲು ಬೇಕು. ಅದೇ ರಿಕವರಿ ಡ್ರೈವ್. 16 ಜಿಬಿಯ ಒಂದು ಪೆನ್ ಡ್ರೈವನ್ನು ಇದಕ್ಕೆಂದೇ ಮೀಸಲಿಡಿ. ಮಾಡುವಾಗ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಮಾಡಿಡಬೇಕು, ಮಲಗಿದ ಮೇಲೆ ಮಾಡಬೇಕಾದರೆ ಇನ್ನೊಬ್ಬರ ಮನೆಯ ಕಂಪ್ಯೂಟರ್ ಹುಡುಕಬೇಕಾಗುತ್ತದೆ.

ಇಮೇಜಿನ ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಅದೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿದಾಗ ಅದು ಸೊಗಸಾಗಿ ಕೂರುತ್ತದೆ. ಕಂಪ್ಯೂಟರೇ ಬೇರೆಯಾದರೆ ಡ್ರೈವರುಗಳು ಹೊಂದದೆ ತಕರಾರು ಮಾಡುತ್ತದೆ, ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೊಸ ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕಿ ಫೈಲುಗಳನ್ನು ಮಾತ್ರ ತರುವುದೇ ಮೇಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಬದಲಾಯಿಸದವರು ಆ ಕೆಲಸಕ್ಕೆ ಕೈಹಾಕುವ ಮೊದಲು ಫೈಲುಗಳ ಪೂರ್ತಿ ಪ್ರತಿ ಎತ್ತಿಡಿ.

ಬೀಗದ ಕೈಯ ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ನನ್ನ ಅಕ್ಕನ ಮಗನ ಲ್ಯಾಪ್‌ಟಾಪಿನ ಬೋರ್ಡ್ ಕೆಟ್ಟಿತು, ಡಿಸ್ಕ್ ಸರಿಯಿತ್ತು. ಹೊಸ ಬೋರ್ಡ್ ಹಾಕಿಸಿ ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ: 48 ಅಂಕಿಗಳ ರಿಕವರಿ ಕೀ ಕೊಡಿ. “ಮಾಮ, ನಾನು ಪಾಸ್‌ವರ್ಡೇ ಹಾಕಿರ್ಲಿಲ್ಲ” ಎಂದು ಅವನು ಅಳುವುದೊಂದು ಬಾಕಿ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದಾಗ ವಿಂಡೋಸ್ ತಾನಾಗಿಯೇ ಡಿಸ್ಕಿಗೆ ಬೀಗ ಹಾಕುತ್ತದೆ. ಆ ಬೀಗವನ್ನು ದಿನವೂ ಸದ್ದಿಲ್ಲದೆ ತೆರೆಯುವುದು ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗ. ಬೋರ್ಡ್ ಬದಲಾದರೆ ಅದರ ಜೊತೆ ಈ ಗುರುತೂ ಹೋಯಿತು. ಕೀ ಅವನ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿತ್ತು, ಆದರೆ ಆ ಖಾತೆ ಮಾಡಿದ್ದು ಬಿಟ್ಟುಹೋದ ಹಳೆಯ ಮೊಬೈಲ್ ನಂಬರಿನಿಂದ. ಖಾತೆ ಮರಳಿ ಸಿಗುವಷ್ಟರಲ್ಲಿ ಅವನ ಪ್ರಾಜೆಕ್ಟ್ ಸಲ್ಲಿಸುವ ದಿನ ದಾಟಿತ್ತು. ಈ ಲೇಖನ ಓದಿ ಒಂದೇ ಕೆಲಸ ಮಾಡುವುದಾದರೆ ನಿಮ್ಮ ಖಾತೆಯಲ್ಲಿ ಆ ಕೀ ಇದೆಯೇ ನೋಡಿ, ಕಾಗದದಲ್ಲಿ ಪ್ರಿಂಟ್ ತೆಗೆದು ಇಡಿ.

ಈಗ ನೋಡಿ ಖಾತ್ರಿ ಮಾಡಿಕೊಳ್ಳುವ ಮಾತು. ನಾನು ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕಿನಿಂದ ಯಾವುದೋ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡುತ್ತೇನೆ. ಮೂಲದ ಮೇಲೆಯೇ ಮಾಡುವುದಿಲ್ಲ, ಬ್ಯಾಕಪ್ ಕೆಟ್ಟಿದ್ದರೆ ಒಳ್ಳೆಯದೂ ಕೆಡುತ್ತದೆ. ಒಂದು ಫೋಟೊ, ಒಂದು ವಿಡಿಯೊದ ಕೊನೆಯ ಭಾಗ, ಒಂದು ಹಳೆಯ ಕನ್ನಡ ಫೈಲು, ಒಂದು ಲೆಕ್ಕದ ಶೀಟು ತೆರೆಯುತ್ತೇನೆ. ಹೆಸರು ಕಂಡರೆ ಸಾಲದು ಎಂದು ಕರ್ಣಪರ್ವ ಕಲಿಸಿದೆ. ವರ್ಷಕ್ಕೊಮ್ಮೆ ರಿಕವರಿ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಇಮೇಜ್ ಕಾಣುತ್ತದೆಯೇ ಎಂದು ನೋಡಿ, ಕೊನೆಯ ಬಟನ್ ಒತ್ತದೆ ಹಿಂದೆ ಬರುತ್ತೇನೆ. ಪೆನ್ ಡ್ರೈವಿನಿಂದ ಏಳಲು ಯಾವ ಕೀ ಒತ್ತಬೇಕು ಎಂಬುದು ಕಂಪನಿಗೊಂದು ಥರ, ಎಫ್12, ಎಫ್9, ಎಸ್ಕೇಪ್ ಹೀಗೆ. ನಮ್ಮದು ಯಾವುದೆಂದು ತಿಳಿದದ್ದು ಈ ಅಭ್ಯಾಸದಿಂದ.

ವರ್ಷದ ಆ ಕೆಲಸಕ್ಕೆ ನಾನು ಇಟ್ಟುಕೊಂಡ ಗಡು ಪತ್ತನಾಜೆ. ಮೇ ಕೊನೆಯ ವಾರದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಆಟದ ರೆಕಾರ್ಡಿಂಗ್, ಕೋಲದ ಫೋಟೊ, ಮದುವೆ ಉಪನಯನದ ವಿಡಿಯೊ ಎಲ್ಲ ಅಷ್ಟರೊಳಗೆ ಬಂದು ಸೇರಿರುತ್ತವೆ, ಮುಂದೆ ನಾಲ್ಕು ತಿಂಗಳು ಮಳೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವ ಏನನ್ನೂ ಬಿಡುವುದಿಲ್ಲ. ಕ್ಯಾಮೆರಾದ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಮದುವೆಯ ಹಳೆಯ ಡಿವಿಡಿಗಳ ಮೇಲೂ ಹರಡುತ್ತದೆ. ಡಿವಿಡಿಯಲ್ಲಿರುವುದನ್ನು ಓದಲು ಬರುವಾಗಲೇ ಡಿಸ್ಕಿಗೆ ಇಳಿಸಿಕೊಳ್ಳಿ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬಹುದು. ಐದು ವರ್ಷ ದಾಟಿದ ಡಿಸ್ಕನ್ನು ನಾನು ಒಂದೇ ಆಸರೆಯಾಗಿ ನಂಬುವುದಿಲ್ಲ. ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ದಾಖಲಿಸುವ ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಮಲಗಿಸುವುದೂ ಬೇಡ, ಅದರೊಳಗಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ.

ಬ್ಯಾಕಪ್ ಇಲ್ಲದೆಯೇ ಅನಾಹುತ ಆಗಿಬಿಟ್ಟರೆ? ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ, ವಿಂಡೋಸ್ ಮತ್ತೆ ಹಾಕಬೇಡಿ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಜಾಗಕ್ಕೆ ಬೇರೆಯದು ಬಂದು ಕೂರುವವರೆಗೆ ಹಿಂದೆ ತರುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಆಸೆ ತೀರ ಕಡಿಮೆ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ಸೂಚನೆಯಂತೆ ಬೇಗನೆ ಖಾಲಿ ಮಾಡಿಕೊಳ್ಳುತ್ತದೆ. ಡಿಸ್ಕಿನೊಳಗೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕೂಡಲೇ ಕರೆಂಟ್ ತೆಗೆಯಿರಿ, ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಒಳಗೆ ಉಜ್ಜುತ್ತದೆ. ವೈರಸ್ ಹೊಕ್ಕ ಅನುಮಾನವಿದ್ದರೆ ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರಿಗೆ ಸಿಕ್ಕಿಸಲೇಬೇಡಿ. ಮೊದಲು ಆ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ, ಆಮೇಲೆ.

ಮಾಸ್ಟ್ರ ಹೊಸ ಕಂಪ್ಯೂಟರಿನ ಪ್ಲಗ್ ಈಗ ಕೈಗೆಟುಕುವ ಎತ್ತರದಲ್ಲಿದೆ. ಗುಡುಗಿದರೆ ಮೊದಲು ಪ್ಲಗ್, ಮತ್ತೆ ಲ್ಯಾನ್ ಕೇಬಲ್. ಮನೆಗೆ ಬರುವ ಫೈಬರ್ ದಾರ ವಿದ್ಯುತ್ ಹಾಯಿಸುವುದಿಲ್ಲ, ಆದರೆ ರೌಟರಿನ ಅಡಾಪ್ಟರ್ ಮತ್ತು ಅಲ್ಲಿಂದ ಕಂಪ್ಯೂಟರಿಗೆ ಬರುವ ತಾಮ್ರದ ತಂತಿ ಹಾಯಿಸುತ್ತವೆ. ಅವರ ಕಪಾಟಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ. ಅವರಿಲ್ಲದಿದ್ದರೂ ಮಗಳಿಗೆ ತಿಳಿಯಬೇಕೆಂದು ಅವರೇ ದುಂಡಗಿನ ಅಕ್ಷರದಲ್ಲಿ ಬರೆದದ್ದು: ಡಿಸ್ಕ್ ಒಂದು ಈ ಡಬ್ಬಿಯಲ್ಲಿ, ಎರಡು ಸುರತ್ಕಲ್‌ನಲ್ಲಿ. ರಿಕವರಿ ಪೆನ್ ಡ್ರೈವ್ ಕೆಂಪು ದಾರ ಕಟ್ಟಿದ್ದು. ಏಳಿಸಲು ಎಫ್12. 48 ಅಂಕಿಯ ಕಾಗದ ಜಾಗದ ಪತ್ರಗಳ ಜೊತೆ. ಫಾಂಟುಗಳು ‘ನುಡಿ’ ಎಂಬ ಫೋಲ್ಡರಿನಲ್ಲಿ, ಮೊದಲು ಅದನ್ನು ಹಾಕು. ಕೊನೆಯ ಸಲ ತೆರೆದು ನೋಡಿದ್ದು ಎಂಬುದರ ಮುಂದೆ ತಾರೀಕು, ಪೆನ್ಸಿಲಿನಲ್ಲಿ.